ಧಾಬಳಿಯ ಕಿಡಿ

ಹೆಂಗಸರ ವಾರ್ಡು, ದೊಡ್ಡ ಆಸ್ಪತ್ರೆ,
ಕಲಬುರ್ಗಿ
೧೪ ಮೇ ೧೯೯೩, ಶುಕ್ರವಾರ

ತೀರ್ಥರೂಪ ಅವ್ವನಿಗೆ,

ಮಂಚದ ಮೇಲೆ ಕುಳಿತೇ ನಮಸ್ಕಾರ ಮಾಡುತ್ತಿದ್ದೇನೆ. ಬಾಗಿದರೆ ಕುತ್ತಿಗೆಯ ಪಟ್ಟಿ ಎಳೆಯುತ್ತದೆ, ಆದ್ದರಿಂದ ಈ ಸಲ ಅರ್ಧ ನಮಸ್ಕಾರಕ್ಕೇ ಪೂರ್ತಿ ಆಶೀರ್ವಾದ ಕೊಟ್ಟುಬಿಡು. ಸುಟ್ಟಿರುವುದು ಎಡಗೈ, ಕುತ್ತಿಗೆಯ ಎಡಭಾಗ, ಸ್ವಲ್ಪ ತೊಡೆ. ಬಲಗೈ ನೆಟ್ಟಗಿದೆ, ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ. ಯಾರೂ ಪಕ್ಕದಲ್ಲಿ ನಿಂತು ಬರೆಸುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದುವಾಗ ನಿನಗೆ ಆ ಅನುಮಾನ ಬಂದೇ ಬರುತ್ತದೆ.

ಪಕ್ಕದ ಮಂಚದ ಮುದುಕಿಯ ಮಗಳು ಅಂಬಮ್ಮ ನಮ್ಮ ಕಮಲಾಪುರದವಳೇ. ಸಂಜೆಯ ಬಸ್ಸಿಗೆ ಊರಿಗೆ ಹೋಗಿ ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ವಾಪಸು ಬರುತ್ತಾಳೆ. ಅವಳ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನಿನ್ನೆ ನೀನು ತಂದಿಟ್ಟ ಕೆಂಪು ಬಾಳೆಹಣ್ಣನ್ನು ಇಡೀ ವಾರ್ಡು ತಿಂದು ಮುಗಿಸಿತು, ನನಗೊಂದನ್ನು ಮುಚ್ಚಿಟ್ಟವಳು ಇವಳೇ. ನಂಬಬಹುದು.

ವಿಷಯಕ್ಕೆ ಬರುತ್ತೇನೆ. ನಾಳೆ ತಹಸೀಲ ಕಚೇರಿಯ ಸಾಹೇಬರು ನನ್ನ ಹೇಳಿಕೆ ಬರೆದುಕೊಳ್ಳಲು ಬರುತ್ತಾರೆ. ಗಂಡ ಜಯತೀರ್ಥನೇ ಪೆಟ್ರೋಲ್ ಸುರುವಿ ಬೆಂಕಿ ಹಚ್ಚಿದ ಎಂದು ಬಂಡು ಅಣ್ಣ ದೂರು ಕೊಟ್ಟಿದ್ದಾನೆ, ಪೊಲೀಸರು ಇವರನ್ನು ಒಯ್ದು ಒಳಗೆ ಕೂರಿಸಿದ್ದಾರೆ. ನಾನು ಹೌದು ಎಂದರೆ ಇವರು ಸದ್ಯ ಹೊರಗೆ ಬರುವುದಿಲ್ಲ. ಅಲ್ಲ ಎಂದರೆ ಬಿಡುತ್ತಾರೆ, ಆಮೇಲೆ ನನ್ನನ್ನು ಗಾಜಿಪುರದ ಮನೆಗೆ ಕರೆದೊಯ್ಯಲು ಇವರೇ ಬರುತ್ತಾರೆ. ನಿನ್ನೆ ನೀನು ನನ್ನ ಕಿವಿಯ ಹತ್ತಿರ ಬಗ್ಗಿ, "ಹೌದು ಅಂತ ಒಂದು ಮಾತು ಅಂದುಬಿಡು ಮಥುರಾ, ಆ ಮನಿಯಿಂದ ನಿನಗ ಕಾಯಂ ಬಿಡುಗಡಿ ಆಗ್ತದ" ಎಂದೆ. ಅವ್ವಾ, ನನಗೆ ಆಸೆಯಾಯಿತು. ನೀನು ಹೋದ ಮೇಲೆ ಆ ಮಾತನ್ನು ಬಾಯಲ್ಲಿ ಆಡಿಸಿಯೂ ನೋಡಿದೆ.

ಆದರೆ ಇವರು ಹಚ್ಚಲಿಲ್ಲ. ಇನ್ನು ನಮ್ಮ ಅತ್ತೆ ಜಾನಕೀಬಾಯಿಯವರ ಕಡೆಯದು ಬೇರೆಯೇ ರಾಗ. ನಾದಿನಿ ವಿಮಲಾಬಾಯಿ ಬಂದು, ಪೆಟ್ರೋಲಿನ ಸುದ್ದಿಯೇ ಬೇಡ, ಸ್ಟವ್ ಸಿಡಿಯಿತು ಎಂದು ಹೇಳು, ಎಲ್ಲರ ಮಾನ ಉಳಿಯುತ್ತದೆ ಎಂದು ಹೇಳಿ ಹೋದಳು. ಹೀಗೆ ಎರಡೂ ಕಡೆಯವರು ನನಗೊಂದೊಂದು ಸುಳ್ಳನ್ನು ತಯಾರು ಮಾಡಿ ತಂದುಕೊಟ್ಟಿದ್ದಾರೆ. ನಿಜವಾಗಿ ನಡೆದದ್ದನ್ನು ಕೇಳಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ, ಆದ್ದರಿಂದ ನಿನಗೆ ಬರೆಯುತ್ತೇನೆ.

ಇವರ ಗ್ಯಾರೇಜಿನ ಕೆಲಸ ನಿನಗೆ ಗೊತ್ತು. ಆಟೋ, ಟೆಂಪೋಗಳ ಪೆಟ್ರೋಲ್ ಟಾಕಿ ಬಿಚ್ಚಿ ತೊಳೆಯುವುದು, ತೂತು ಮುಚ್ಚುವುದು, ಕೆಟ್ಟ ಪೈಪು ಬದಲಿಸುವುದು. ಟಾಕಿಯ ಬಾಯಿಗೆ ರಬ್ಬರ್ ಪೈಪು ಹಾಕಿದರೆ, ಆ ಬಾಯಿಯ ತಗಡಿನಿಂದ ಗಾಡಿಯ ಮೈಗೆ ಒಂದು ತಂತಿ ಕಟ್ಟದೆ ಬಿಡುವುದಿಲ್ಲ. ಗಿರಾಕಿಗಳು ನಗುತ್ತಾರೆ, ಇವರು ಕಟ್ಟೇ ಕಟ್ಟುತ್ತಾರೆ. ಮದುವೆಯಾದ ಹೊಸದರಲ್ಲಿ ಯಾಕೆ ಎಂದು ಕೇಳಿದ್ದಕ್ಕೆ, ನನ್ನ ಬಾಚಣಿಗೆಯನ್ನೇ ನನ್ನ ತಲೆಗೂದಲಿಗೆ ತಿಕ್ಕಿ, ಕಾಗದದ ಚೂರುಗಳನ್ನು ಅದಕ್ಕೆ ಅಂಟಿಸಿ ತೋರಿಸಿದರು. "ತಿಕ್ಕಿದಾಗ ಹುಟ್ಟೋ ಕರೆಂಟು ಇದು. ಹೋಗಲಿಕ್ಕೆ ದಾರಿ ಕೊಟ್ರ ಸುಮ್ಮನ ಮಣ್ಣಿಗೆ ಇಳೀತದ. ದಾರಿ ಕೊಡದ ಕೂಡಿಸಿಟ್ರ, ಒಮ್ಮೆ ಕಿಡಿ ಆಗಿ ಹಾರ್ತದ. ಅದಕ್ಕ ಟಾಕಿ ಬಾಯಿ ತೆಗಿಯೂಕಿಂತ ಮೊದಲು ಬರಿಗೈಲೆ ಕಬ್ಬಿಣ ಮುಟ್ಟಬೇಕು" ಎಂದರು. ಅವತ್ತು ನನಗೆ ಇವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ನಿನಗೆ ಬರೆದ ಕಾಗದದಲ್ಲಿ ಅರ್ಧ ಇದೇ ಇತ್ತು. ಟಾಕಿಯ ವಿಷಯದಲ್ಲಿ ಇಷ್ಟು ತಿಳಿದವರಿಗೆ ಹೆಂಡತಿಯ ವಿಷಯದಲ್ಲಿ ಅದು ಹೊಳೆಯಲೇ ಇಲ್ಲ. ಒಂದು ದಿನ ಹೊರಗೆ ಹೋಗುವಾಗ ಬಾಗಿಲಿಗೆ ಬೀಗ ಹಾಕಿದರು. ಊರು ಕೆಟ್ಟಿದೆ, ನಿನ್ನ ಒಳ್ಳೆಯದಕ್ಕೇ ಎಂದರು. ಹೊಡೆಯಲಿಲ್ಲ, ಬೈಯಲಿಲ್ಲ. ಹೊಡೆದಿದ್ದರೆ ಜನಕ್ಕೆ ಹೇಳಿಕೊಳ್ಳಲು ಸುಲಭವಿತ್ತು.

ಅಪ್ಪನ ವರ್ಷಾಂತಿಕಕ್ಕೆ ಬರಬೇಕೆಂದು ಒಂದು ಸಲ ಹಿತ್ತಲ ಬಾಗಿಲಿನಿಂದ ಹೊರಬಿದ್ದೆ. ಸೂಪರ್ ಮಾರ್ಕೆಟ್ ತನಕ ನಡೆದು ಆಟೋ ಹತ್ತಿ ಬಸ್ ಸ್ಟ್ಯಾಂಡಿಗೆ ನಡಿ ಎಂದೆ. ಆಟೋದವರೆಲ್ಲ ಇವರ ಗಿರಾಕಿಗಳೆಂಬುದು ನನಗೆ ಹೊಳೆದಿರಲಿಲ್ಲ. ಅವನು ನಬಿಸಾಬ್ ಎಂಬುವವನು, ಒಳ್ಳೆಯ ಮನುಷ್ಯ. "ಒಬ್ಬರೇ ಯಾಕ ಹೊಂಟೀರಿ ಬಾಯಿಯವರೇ, ಮನೀಗೆ ಬಿಡ್ತೀನಿ ನಡೀರಿ, ಸಾಹುಕಾರರು ಫಿಕರ್ ಮಾಡ್ತಾರ" ಎಂದು, ಬಾಡಿಗೆಯನ್ನೂ ತೆಗೆದುಕೊಳ್ಳದೆ, ಹೊರಟ ಬಾಗಿಲಿಗೇ ತಂದು ಬಿಟ್ಟ. ಅವತ್ತಿನಿಂದ ಹಿತ್ತಲ ಬಾಗಿಲಿಗೂ ಬೀಗ ಬಿತ್ತು. ಬೀಗದ ಕೈ ಅತ್ತೆಯವರ ಸೊಂಟದಲ್ಲಿ. ಬೆಳಿಗ್ಗೆ ಮಡಿನೀರಿಗೆ ಮಾತ್ರ ಅದನ್ನು ತೆಗೆಯುತ್ತಾರೆ, ಏಕೆಂದರೆ ಬಾವಿ ಇರುವುದು ಹೊರಗೆ ಓಣಿಯಲ್ಲಿ. ಆ ಹೊತ್ತಿನಲ್ಲಿ ನಾನು ಮಡಿಯಲ್ಲಿರುತ್ತೇನೆ, ಯಾರೂ ನನ್ನನ್ನು ಮುಟ್ಟುವುದಿಲ್ಲ, ಹತ್ತಿರವೂ ಬರುವುದಿಲ್ಲ. ಬೇರೆಯವರಿಗೆ ಮಡಿಯೆಂದರೆ ಕಷ್ಟ. ನನಗೆ ಆ ಮನೆಯಲ್ಲಿ ಉಸಿರಾಡಲು ಸಿಗುತ್ತಿದ್ದುದು ಅಷ್ಟೇ ಹೊತ್ತು.

ಬೆಂಕಿ ಹತ್ತಿದ ಆ ಬೆಳಿಗ್ಗೆ, ಹಿಂದಿನ ದಿನ ಒಣಹಾಕಿದ ಮಡಿಸೀರೆಯನ್ನು ಬೆಕ್ಕು ಮೈಲಿಗೆ ಮಾಡಿತ್ತು. ಅದಕ್ಕೆ ಪಟ್ಟೆ ಸೀರೆಯುಟ್ಟು, ಮೇಲೆ ಅತ್ತೆಯವರ ಉಣ್ಣೆಯ ಧಾಬಳಿ ಹೊದ್ದೆ. ರೇಷ್ಮೆಗೂ ಉಣ್ಣೆಗೂ ದಿನದಿನದ ಮೈಲಿಗೆಯಿಲ್ಲವಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಕಂಬಳಿ ಹೊದ್ದ ಸೊಸೆಯನ್ನು ನೋಡಬೇಕೆಂದರೆ ಗಾಜಿಪುರಕ್ಕೇ ಬರಬೇಕು. ಸೀರೆಯ ಅಂಚಿಗೆ ದೀಪದ ಎಣ್ಣೆಯ ಕಲೆಯಾಗಿತ್ತು, ಪೆಟ್ರೋಲ್ ಹಚ್ಚಿದರೆ ಹೋಗುತ್ತದೆಂದು ಹಿತ್ತಲ ಶೆಡ್ಡಿಗೆ ಹೋದೆ. ಇವರು ಪೆಟ್ರೋಲನ್ನು ಯಾವಾಗಲೂ ಕಬ್ಬಿಣದ ಕ್ಯಾನಿನಲ್ಲೇ ಇಡುತ್ತಾರೆ. ನಾನು ಅಡುಗೆಎಣ್ಣೆಯ ಖಾಲಿ ಪ್ಲಾಸ್ಟಿಕ್ ಡಬ್ಬಿ ಒಯ್ದಿದ್ದೆ. ಶೆಡ್ಡಿನ ನೆಲ ಮೈಲಿಗೆ, ಎಲ್ಲರೂ ಚಪ್ಪಲಿ ಹಾಕಿಕೊಂಡು ಓಡಾಡುವ ಜಾಗ. ಅದಕ್ಕೆ ಎರಡು ಮಣೆ ಹಾಕಿ, ಒಂದರ ಮೇಲೆ ನಾನು ನಿಂತು, ಇನ್ನೊಂದರ ಮೇಲೆ ಡಬ್ಬಿಯಿಟ್ಟು, ತಗಡಿನ ಲಾಳಿಕೆಯಲ್ಲಿ ಸುರುವಿದೆ. ಸೆಕೆ ತಡೆಯಲಾರದೆ ಧಾಬಳಿಯನ್ನು ಎಳೆದು ತೆಗೆದೆ. ರೇಷ್ಮೆಯ ಮೇಲಿಂದ ಅದು ಚಟಚಟ ಎನ್ನುತ್ತಾ ಬಂತು. ಆ ಸದ್ದಿಗಾದರೂ ನನಗೆ ಬಾಚಣಿಗೆಯ ಪಾಠ ನೆನಪಾಗಬೇಕಿತ್ತು. ಎಡಗೈಯಿಂದ ಲಾಳಿಕೆ ಮುಟ್ಟಿದೆ, ಬೆರಳಿನ ತುದಿಯಲ್ಲಿ ಚುಚ್ಚಿದ ಹಾಗಾಯಿತು, ಅಷ್ಟೇ, ಡಬ್ಬಿಯ ಬಾಯಿ ಹತ್ತಿಕೊಂಡಿತು.

ನಮ್ಮ ಮಡಿಯೇ ಕಿಡಿಗೆ ಇಷ್ಟೆಲ್ಲ ಏರ್ಪಾಡು ಮಾಡಿಕೊಟ್ಟಿತ್ತು. ರೇಷ್ಮೆ, ಉಣ್ಣೆ, ಕಾಲ ಕೆಳಗೆ ಮಣೆ. ಬರಿಗಾಲಲ್ಲಿ ಮಣ್ಣಿನ ಮೇಲೆ ನಿಂತಿದ್ದರೆ, ಅಥವಾ ಧಾಬಳಿ ತೆಗೆದ ಮೇಲೆ ಬಾವಿಯ ಕಬ್ಬಿಣದ ರಾಟೆಯನ್ನೊಮ್ಮೆ ಮುಟ್ಟಿ ಬಂದಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಇದನ್ನು ಹೇಳಿದ್ದಕ್ಕೆ ಪೊಲೀಸ್ ಜಮಾದಾರರು ಪೆನ್ನು ಕೆಳಗಿಟ್ಟು, ಸೀರೆಯಿಂದ ಬೆಂಕಿ ಹುಟ್ಟಿದ್ದನ್ನು ತಾವೆಲ್ಲೂ ಕೇಳಿಲ್ಲ, ಗಂಡನ ಮನೆಯವರು ಹೇಳಿಕೊಟ್ಟದ್ದಾದರೂ ನಂಬುವ ಹಾಗಿರಲಿ ಎಂದರು. ಒಂದು ಕಲೆಗೆ ಡಬ್ಬಿ ತುಂಬ ಪೆಟ್ರೋಲ್ ಯಾಕಮ್ಮಾ ಎಂದೂ ಕೇಳಿದರು.

ಬೆಂಕಿ ಆರಿಸಿದವರು ಇವರೇ. ದೇವರ ಮುಂದೆ ಕುಳಿತಿದ್ದವರು ಮಡಿಯನ್ನೂ ಲೆಕ್ಕಿಸದೆ ಓಡಿ ಬಂದು, ಗೋಣಿಚೀಲದಲ್ಲಿ ನನ್ನನ್ನು ಸುತ್ತಿ ಮಣ್ಣಿನಲ್ಲಿ ಉರುಳಾಡಿಸಿದರು. ಎರಡೂ ಅಂಗೈ ಸುಟ್ಟುಕೊಂಡಿದ್ದಾರೆ. ಆ ಕೈಗಳನ್ನು ನೋಡಿ ಪೊಲೀಸರು, ಹಚ್ಚುವಾಗ ತಗುಲಿದ್ದು ಎಂದು ಬರೆದುಕೊಂಡರಂತೆ. ನನ್ನನ್ನು ಕೂಡಿಹಾಕಿದ ಕೈಗಳೂ ಅವೇ, ಉಳಿಸಿದ ಕೈಗಳೂ ಅವೇ. ಇವರ ಮೇಲೆ ನನಗೆ ಸಿಟ್ಟಿದೆ, ಮುಖ ನೋಡಲೂ ಮನಸ್ಸಿಲ್ಲ, ಆದರೂ ಮಾಡದ ಕೆಲಸಕ್ಕೆ ಜೈಲಿಗೆ ಕಳಿಸಿ ನಾನು ಕಮಲಾಪುರದಲ್ಲಿ ನೆಮ್ಮದಿಯಾಗಿ ಉಣ್ಣಲಾರೆ. ನಿಜ ಹೇಳಿದರೆ ಎಲ್ಲಿಗೆ ಹೋಗಬೇಕಾಗುತ್ತದೆ ಎಂಬುದೂ ಗೊತ್ತಿದೆ.

ದೂರನ್ನು ಹಿಂದಕ್ಕೆ ತೆಗೆದುಕೊಳ್ಳಲು ಅಣ್ಣನಿಗೆ ಹೇಳು. ನನ್ನ ಚಿಂತೆ ಬೇಡ. ಹೊಂದಿಕೊಂಡು ಹೋಗು ಎಂದು ನೀನು ಪ್ರತಿ ಕಾಗದದಲ್ಲೂ ಬರೆಯುತ್ತಿದ್ದೆಯಲ್ಲ, ಹಾಗೇ ಹೇಗೋ ಹೊಂದಿಕೊಂಡರಾಯಿತು.

ನಿನ್ನ ಮಗಳು,
ಮಥುರಾ

ತಾ.ಕ.: ಕಾಗದ ಮಡಚಿ ಅಂಬಮ್ಮನ ಕೈಗೆ ಕೊಟ್ಟು ಮತ್ತೆ ವಾಪಸು ಇಸಿದುಕೊಂಡೆ. ಕಲೆಯ ಮಾತು ಸುಳ್ಳು ಅವ್ವಾ. ಸೀರೆಯ ಮೇಲೆ ಕಲೆಯೇ ಇರಲಿಲ್ಲ. ಮೈದುನ ನರಸಿಂಹ ಬೀದರಿಗೆ ಹೋಗುವಾಗ ಶೆಡ್ಡಿನಲ್ಲಿ ಬಿಟ್ಟುಹೋದ ಲೂನಾ ಒಂದಿದೆ. ಆ ಪೆಟ್ರೋಲ್ ಅದಕ್ಕೆ. ಮದುವೆಗೆ ಮುಂಚೆ ನಾನು ಅಪ್ಪನ ಲೂನಾ ಓಡಿಸುತ್ತಿದ್ದೆನಲ್ಲ, ಆಟೋ ಬೇಡ, ಬಸ್ಸು ಬೇಡ, ಹಿತ್ತಲ ಬಾಗಿಲು ತೆರೆದಿದ್ದಾಗ ಮಡಿಯಲ್ಲೇ ಹೊರಟುಬಿಡೋಣ ಎಂದುಕೊಂಡಿದ್ದೆ. ಬರುತ್ತಿದ್ದುದು ನಿನ್ನ ಹತ್ತಿರ. ಬಂದರೆ ನೀನು ಮರುದಿನವೇ ಕೈಹಿಡಿದು ವಾಪಸು ತಂದುಬಿಡುತ್ತೀಯೆಂಬ ಭಯದಿಂದ ಬರೆದಿರಲಿಲ್ಲ. ನಾಳೆ ಸಾಹೇಬರ ಮುಂದೆ ಎಲ್ಲವನ್ನೂ ಹೇಳುತ್ತೇನೆ. ಗಂಡ ಬೆಂಕಿ ಹಚ್ಚಲಿಲ್ಲ, ಬಾಗಿಲಿಗೆ ಬೀಗವಿತ್ತು, ನಾನು ಓಡಿಹೋಗುತ್ತಿದ್ದೆ, ಮತ್ತೆ ಆ ಮನೆಗೆ ಕಾಲಿಡುವುದಿಲ್ಲ. ಓಡಿಹೋಗಿ ಎಲ್ಲಿರಬೇಕೆಂದಿದ್ದೆ ಎಂದು ಅವರು ಕೇಳುತ್ತಾರೆ. ಅವ್ವನ ಮನೆಯಲ್ಲಿ ಎಂದು ಬರೆಸಬಹುದಾದರೆ ಬೆಳಿಗ್ಗೆ ಅಂಬಮ್ಮನ ಜೊತೆ ಮೊದಲ ಬಸ್ಸಿಗೆ ಬಾ. ಅವಳೊಬ್ಬಳೇ ಬಂದರೆ, ಆ ಜಾಗವನ್ನು ಖಾಲಿ ಬಿಡಿ ಎಂದು ಹೇಳುತ್ತೇನೆ.