ಕಾಲಿಗೆ ಯಾರು ಹೇಳಬೇಕು

ಬಾಥೆಲ್, ಸಿಯಾಟಲ್ ಹತ್ತಿರ
೯ ನವೆಂಬರ್ ೨೦೨೫

ಪ್ರೀತಿಯ ಭಾಯಿಜಾನ್‌ಗೆ ತಂಗಿ ಬಾನುವಿನ ಸಲಾಂ.

ಮೊಣಕಾಲು ಹೇಗಿದೆ? ಊತ ಇಳಿಯಿತೇ? ಎಣ್ಣೆ ಹಚ್ಚಲೂ ಬಿಡುವುದಿಲ್ಲವೆಂದು ನಬೀಲಾ ಭಾಬಿ ದೂರುತ್ತಿದ್ದರು. ಫುಟ್‌ಬಾಲ್ ಆಟ ನಿಂತಾಗಿನಿಂದ ನೀವು ಮನೆಯಿಂದ ಹೊರಗೇ ಬರುವುದಿಲ್ಲವಂತೆ. ಆಸ್ಟಿನ್ ಟೌನ್ ಹುಡುಗರಿಗೆ ಕೋಚ್ ಆಗಿ ಎಂದು ಕ್ಲಬ್ಬಿನ ವೆಂಕಟೇಶ್ ಮನೆಬಾಗಿಲಿಗೆ ಬಂದರೆ “ಕುಂಟನ ಹತ್ರ ಏನ್ ಕಲೀತಾರೆ, ಹೋಗ್ರೀ” ಅಂದಿರಂತೆ. ನಿಮ್ಮನ್ನೇ ಕೇಳೋಣವೆಂದರೆ ಫೋನ್ ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ನಾಳೆ ಬೆಂಗಳೂರಿಗೆ ಹೊರಟಿರುವ ನಮ್ಮ ಪಕ್ಕದ ಮನೆ ಹಸ್ಸಾನ್ ಕೈಯಲ್ಲಿ ಕಳಿಸುತ್ತಿದ್ದೇನೆ. ನಾವಿಲ್ಲಿ ಕ್ಷೇಮ ಅನ್ನಬೇಕು, ಅನ್ನುತ್ತೇನೆ. ಮೊಹ್ಸಿನ್ ನನ್ನನ್ನೂ ಮಗಳನ್ನೂ ಬಿಟ್ಟು ಆಫೀಸಿನ ಕೆಲಸದ ಮೇಲೆ ತಿಂಗಳಿಂದ ಟೆಕ್ಸಾಸಿನಲ್ಲಿದ್ದಾರೆ. ನನಗೆ ರೆಡ್ಮಂಡಿನ ಆಫೀಸಿನಿಂದ ಮನೆ, ಮನೆಯಿಂದ ಆಯತ್‌ಳ ಫುಟ್‌ಬಾಲ್ ಪ್ರಾಕ್ಟೀಸು, ಜೊತೆಗೆ ಈ ಹಾಳು ತುಂತುರು. ಸಾಕಾಗಿ ಹೋಗಿದೆ ಭಾಯಿಜಾನ್. ಎಷ್ಟೋ ದಿನ ರಾತ್ರಿ ಊಟ ಕಾರಿನಲ್ಲೇ.

ಆಯತ್‌ಳ ಕೋಚ್ ಡೆರೆಕ್ ಎಂಬ ಇಂಗ್ಲೆಂಡಿನ ಮುದುಕರು. ನಿಮ್ಮಂತೆಯೇ ಫಾರ್ವರ್ಡ್ ಆಗಿದ್ದವರು. ತಮ್ಮೂರಿನ ತಂಡಕ್ಕೆ ಗೋಲಿನ ಮೇಲೆ ಗೋಲು ಹೊಡೆದರಂತೆ. ಪಾದದ ಮೂಳೆ ಮುರಿದ ಮೇಲೆ ಕೋಚ್ ಆದರಂತೆ, ಆಮೇಲೆ ಮ್ಯಾನೇಜರ್. ಮೂರು ತಂಡ ನಡೆಸಿದರು. ಮೂರೂ ಕಡೆ ಸೋಲನ್ನೆಲ್ಲ ಇವರ ತಲೆಗೆ ಕಟ್ಟಿ ಮನೆಗೆ ಕಳಿಸಿದರು. ಮಗಳಿರುವ ಊರೆಂದು ಇಲ್ಲಿಗೆ ಬಂದು, ಈಗ ಕ್ಯಾನ್ಯನ್ ಪಾರ್ಕಿನ ಬಳಿ ಪುಟ್ಟ ಹುಡುಗಿಯರ ಶೂ ಲೇಸು ಕಟ್ಟುತ್ತಾರೆ. ನೋಡಿದಾಗಲೆಲ್ಲ ನನಗೆ ಅಯ್ಯೋ ಅನ್ನಿಸುತ್ತಿತ್ತು.

ಒಂದನೇ ತಾರೀಖು ಶನಿವಾರ ಮ್ಯಾಚು. ಎರಡೂ ತಂಡ ಸಮ, ಇನ್ನೇನು ಮುಗಿಯಬೇಕು. ಚೆಂಡು ಮೈದಾನದ ಅಂಚಿನ ಗೆರೆಯ ಕಡೆ ಉರುಳಿಕೊಂಡು ಬಂತು. ಡೆರೆಕ್ ಅಲ್ಲೇ ನಿಂತಿದ್ದರು. ಏನು ಮಾಡಿದರು ಗೊತ್ತೇ? ಚೆಂಡು ಹೊರಗೆ ಬರುವ ಮೊದಲೇ ಒಳಕ್ಕೆ ಕಾಲಿಟ್ಟು, ಮೆತ್ತಗೆ ನಿಲ್ಲಿಸಿ, ಗೋಲಿನ ಕಡೆ ಒದ್ದೇಬಿಟ್ಟರು. ಕೋಚು! ಹುಡುಗಿಯರು ಬಾಯಿ ಬಿಟ್ಟುಕೊಂಡು ನಿಂತರು. ರೆಫರಿ ಕೆಂಪು ಕಾರ್ಡು ತೋರಿಸಿ ಇವರನ್ನು ಆಚೆ ಕಳಿಸಿ, ಎದುರು ತಂಡಕ್ಕೆ ಫ್ರೀ ಕಿಕ್ ಕೊಟ್ಟ. ಅದು ಗೋಲಾಗಿ ನಾವು ಸೋತೆವು. ಪಾರ್ಕಿಂಗಿನಲ್ಲಿ ಮಕ್ಕಳ ಅಪ್ಪ ಅಮ್ಮಂದಿರು ಇವರ ಮೇಲೆ ಎಗರಾಡಿದರು. ಈ ವಯಸ್ಸಿನಲ್ಲಿ ಇದೇನು ಎಂದು ನಾನೂ ರೇಗಿದೆ. ಅವರು ಮುಖ ಕೆಂಪಗೆ ಮಾಡಿಕೊಂಡು ಹೇಳಿದ್ದಿಷ್ಟೇ: “ಆಟ ಬಿಟ್ಟು ಮೂವತ್ತು ವರ್ಷ ಆಯ್ತು ಬಾನು. ಕಾಲಿಗೆ ಇನ್ನೂ ಯಾರೂ ಹೇಳಿಲ್ಲ.”

ಕಾರಿಗೆ ಬಂದು ಅತ್ತುಬಿಟ್ಟೆ. ಟೀವಿಯಲ್ಲಿ ಮ್ಯಾಚ್ ಬಂದರೆ ಸೋಫಾದ ಕೆಳಗೆ ನಿಮ್ಮ ಕಾಲು ಆಡುತ್ತಲೇ ಇರುತ್ತದೆಂದು ಭಾಬಿ ಹೇಳಿದ್ದು ನೆನಪಾಯಿತು.

ಇನ್ನು ಡೆರೆಕ್ ಬರುವುದಿಲ್ಲ ಅಂದುಕೊಂಡಿದ್ದೆ. ಮಂಗಳವಾರ ಎಂದಿನಂತೆ ಚೆಂಡುಗಳ ಚೀಲ ಹೊತ್ತುಕೊಂಡು ಬಂದರು, ಹುಡುಗಿಯರಲ್ಲಿ ಕ್ಷಮೆ ಕೇಳಿದರು. ನಮ್ಮ ಆಯತ್ ಏನು ಕೇಳಿದಳು ಗೊತ್ತೇ? ಚೆಂಡನ್ನು ಹಾಗೆ ಮೆತ್ತಗೆ ನಿಲ್ಲಿಸುವುದನ್ನು ನಮಗೂ ಕಲಿಸಿ, ಅಂದಳು. ಅವತ್ತು ಪ್ರಾಕ್ಟೀಸಿನಲ್ಲೆಲ್ಲ ಅದೊಂದೇ ಕೆಲಸ. ನಿಮ್ಮ ಕಾಲಿಗೆ ಗೊತ್ತಿರುವುದೆಲ್ಲ ಸೋಫಾದ ಕೆಳಗೇ ಕೊಳೆತು ಹೋಗುತ್ತದಲ್ಲ ಎಂದು ನನಗೆ ಸಂಕಟ.

ಭಾಬಿಗೆ ಸಲಾಂ. ಅಲ್ಲಾಹ್ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ ತಂಗಿ
ಬಾನು

ಹಾಂ, ಮರೆತಿದ್ದೆ: ವೆಂಕಟೇಶ್ ಜೊತೆ ಮಾತಾಡಿದ್ದೇನೆ. ಬರುವ ಭಾನುವಾರ ಬೆಳಗ್ಗೆ ಹುಡುಗರೆಲ್ಲ ನಿಮ್ಮ ಮನೆಗೆ ಬರುತ್ತಾರೆ. ಭಾಬಿ ಅಟ್ಟದಿಂದ ಬೂಟು ಇಳಿಸಿಟ್ಟಿದ್ದಾರೆ. ಬಾಗಿಲು ತೆಗೆಯದಿದ್ದರೆ ಗೇಟಿನ ಮುಂದೆಯೇ ಆಡಿ ಎಂದು ಹುಡುಗರಿಗೆ ಹೇಳಿಸಿದ್ದೇನೆ. ಚೆಂಡು ಗೇಟಿಗೆ ಬಡಿಯುತ್ತಿದ್ದರೆ ಆ ಕಾಲು ಎಷ್ಟು ಹೊತ್ತು ಒಳಗೆ ಕೂರುತ್ತದೋ ನಾನೂ ನೋಡುತ್ತೇನೆ.