ಗಾಜುಗಾಲು ಮತ್ತು ಹಿಂದಿನ ಕೆಂಪು ದೀಪ

ಶನಿವಾರ, ಹದಿನಾಲ್ಕನೇ ತಾರೀಖು
ಅಂಗಡಿಯ ಗಾಜು ಕೊಯ್ಯುವ ಮೇಜಿನಿಂದ

ನನ್ನ ಮುದ್ದಿನ ಮುಗಿಲಪ್ಪ,

ನನ್ನ ಎಡ ಮಂಡಿಯೊಂದನ್ನು ಬಿಟ್ಟರೆ ಇಲ್ಲಿ ಎಲ್ಲವೂ ಕ್ಷೇಮ. ನಿನ್ನ ಮಗಳಂತೂ ನನ್ನ ಮನೆಯಲ್ಲೇ ಉಂಡು ನನಗೇ ಬುದ್ಧಿ ಹೇಳುವಷ್ಟು ಕ್ಷೇಮ. ಮೂರು ವಾರದಿಂದ ಕಾಗದ ಹಾಕಿಲ್ಲವೆಂದು ನೀನು ಮುನಿಸಿಕೊಂಡಿರುವುದಿಲ್ಲ, ಗೊತ್ತು. ನಿನಗೆ ಮುನಿಸು ಬರುವುದೇ ಇಲ್ಲ, ಅದೇ ನಿನ್ನ ರೋಗ. ಆದರೂ ತಪ್ಪಾಯಿತು. ಗೆದ್ದ ಮೇಲೆಯೇ ಬರೆಯುವುದೆಂದು ಹಟ ಹಿಡಿದು ಕೂತಿದ್ದೆ. ಈಗ ಗೆದ್ದೆ ಕಣೋ! ನಮ್ಮಪ್ಪನ ಜೀಪು ನಿನ್ನೆ ಸಾರಿಗೆ ಕಚೇರಿಯ ತಪಾಸಣೆಯಲ್ಲಿ ಪಾಸಾಯಿತು.

ಮೊದಲಿಂದ ಹೇಳುತ್ತೇನೆ, ಇಲ್ಲದಿದ್ದರೆ ಹೊಟ್ಟೆ ಉಬ್ಬುತ್ತದೆ. ನಿನ್ನ ಮಗಳಿಗೆ ಬೆಟ್ಟದ ದಾರಿಗಳನ್ನು ಅಳೆದು ನಕ್ಷೆ ಬರೆಯುವ ಕೆಲಸ ಸಿಕ್ಕಿದ್ದು ನಿನಗೆ ಗೊತ್ತು. ಕಲ್ಲು ಕೊರಕಲು ಹತ್ತುವ ಗಾಡಿಯನ್ನು ಅವಳೇ ತರಬೇಕು ಅನ್ನುವ ಷರತ್ತನ್ನು ಮಾತ್ರ ಅವಳು ನಿನಗೆ ಹೇಳಿಲ್ಲ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿ ನಮ್ಮ ವಂಶದಲ್ಲೇ ಇದೊಂದು ಜೀಪು, ಅದಕ್ಕೆ ನಲವತ್ತೆಂಟು ವರ್ಷ. ಪಾಸಾದರೆ ಅವಳ ಕೆಲಸಕ್ಕೆ, ಇಲ್ಲದಿದ್ದರೆ ಗುಜರಿಗೆ. ಮೊದಲ ಸಲ ಫೇಲಾಯಿತು. ಎಂಜಿನ್ನು, ಗೇರು, ಟೈರು ಎಲ್ಲ ಸರಿ. ತಪಾಸಣೆಯಮ್ಮ ಚೀಟಿಯಲ್ಲಿ ಬರೆದದ್ದು ಒಂದೇ ಸಾಲು: ‘ಬ್ರೇಕ್ ದೀಪ ಒಮ್ಮೆ ಹತ್ತುತ್ತದೆ, ಒಮ್ಮೆ ಇಲ್ಲ. ಮೂರು ವಾರ ಗಡುವು.’

ಆಕೆಗೇ ಕಣ್ಣು ಕಾಣುವುದಿಲ್ಲ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ. ವಾಪಸು ಬರುವಾಗ ನಿನ್ನ ಮಗಳು ಸ್ಕೂಟರಿನಲ್ಲಿ ನನ್ನ ಹಿಂದೆಯೇ ಬರುತ್ತಿದ್ದಳು. ಅಂಗಡಿ ಮುಂದೆ ಇಳಿದವಳು ಬೆವರುತ್ತಿದ್ದಳು.

“ಅತ್ತೆ, ನಿನ್ನ ದೀಪ ಹತ್ತಲೇ ಇಲ್ಲ. ಸ್ವಲ್ಪದರಲ್ಲಿ ಗುದ್ದಿಬಿಡ್ತಿದ್ದೆ.”

“ತಂದೆಯಂತೆ ಮಗಳು. ಎಲ್ಲೋ ನೋಡ್ತಿದ್ದೆ ಅನ್ನು.”

ಅವಳು ಸ್ಕೂಟರು ನಿಲ್ಲಿಸಿ ಒಳಗೆ ಹೋದಳು. ರಾತ್ರಿ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಕೇಳಿದಳು: “ಅಪ್ಪಾನೂ ಆವತ್ತು ಇದೇ ಮಾತು ಹೇಳಿದ್ದನಾ?”

ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ. ಹತ್ತೊಂಬತ್ತು ವರ್ಷದ ಹಿಂದೆ ನೀನು ಬೈಕಿನಲ್ಲಿ ಬಂದು ನಾನು ಓಡಿಸುತ್ತಿದ್ದ ಇದೇ ಜೀಪಿನ ಹಿಂಬದಿಗೆ ಗುದ್ದಿದ್ದು, ಕಾಲು ಮುರಿದುಕೊಂಡದ್ದು, ದೀಪ ಹತ್ತಲಿಲ್ಲವೆಂದು ನೀನು, ಹತ್ತಿತ್ತೆಂದು ನಾನು. ಆ ಹಳೆಯ ಪುರಾಣವನ್ನು ಮಗುವಿನ ಮುಂದೆ ಯಾಕೆ ಬಿಚ್ಚಲಿ? ಮುಗಿದ ಕಥೆ ಅಂದುಕೊಂಡೆ. ಆದರೆ ಈ ಸಲ ನನ್ನ ಜೀಪು ನಿರಪರಾಧಿ ಅಂತ ತೋರಿಸಿಯೇ ಸಿದ್ಧ ಅಂತ ಮಾರನೆಯ ದಿನವೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ.

ಈ ಮನುಷ್ಯನ ಹೆಸರು ನನಗೆ ಗೊತ್ತಿಲ್ಲ, ಬೀದಿಯವರೆಲ್ಲ ಅವನನ್ನು ‘ಒಂದ್ನಿಮಿಷ’ ಅಂತಲೇ ಕರೆಯುವುದು. ಏನು ಕೇಳಿದರೂ “ಒಂದ್ನಿಮಿಷ ಅಕ್ಕಾ” ಅನ್ನುತ್ತಾನೆ, ಮೂರು ದಿನ ಹಿಡಿಯುತ್ತಾನೆ. ಮೊದಲು ಬಲ್ಬು ಬದಲಿಸಿದ. ಆಮೇಲೆ ಫ್ಯೂಸು. ಆಮೇಲೆ ಹಿಂದಿನ ವೈರು ಪೂರ್ತಿ ಹೊಸದು ಎಳೆದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಕೊನೆಗೆ ಸ್ವಿಚ್ಚಿಗೆ ಬಂದ. ನಮ್ಮ ಜೀಪಿನಲ್ಲಿ ಆ ಸ್ವಿಚ್ಚು ಬ್ರೇಕ್ ಎಣ್ಣೆಯ ಕೊಳವೆಗೇ ತಿರುಚಿ ಕೂರಿಸಿದ್ದು. ಪೆಡಲ್ ಒತ್ತಿದರೆ ಎಣ್ಣೆ ಒತ್ತುತ್ತದೆ, ಎಣ್ಣೆ ಒತ್ತಿದರೆ ಸ್ವಿಚ್ಚು ಕೂಡುತ್ತದೆ, ದೀಪ ಹತ್ತುತ್ತದೆ. ಹೊಸದು ಹಾಕಿದ, ಪೆಡಲ್ ತುಳಿದ, ದೀಪ ಹತ್ತಿತು. “ನೋಡಿ ಅಕ್ಕಾ, ಆಯ್ತು!” ನಾನು ರಸ್ತೆಗಿಳಿಸಿದೆ, ನಿನ್ನ ಮಗಳು ಹಿಂದೆ ಬಂದಳು, ಮನೆಗೆ ಬಂದು ತಲೆ ಅಲ್ಲಾಡಿಸಿದಳು. ಇನ್ನೊಂದು ಸ್ವಿಚ್ಚು. ಮತ್ತೆ ಅಂಗಡಿಯಲ್ಲಿ ಹತ್ತಿತು, ರಸ್ತೆಯಲ್ಲಿ ಇಲ್ಲ. ಮೂರನೆಯದೂ ಹಾಗೇ ಆದಾಗ ಒಂದ್ನಿಮಿಷ ಬಾನೆಟ್ಟಿನ ಮೇಲೆ ಕೈಯಿಟ್ಟು, “ಇದಕ್ಕೆ ಮನಸ್ಸಿದೆ ಅಕ್ಕಾ, ನಿಮ್ಮನ್ನ ಕಂಡರೆ ಆಗಲ್ಲ ಇದಕ್ಕೆ” ಅಂದ. ಗಡುವಿಗೆ ಐದೇ ದಿನ ಉಳಿದಿತ್ತು. ನಿನ್ನ ಮಗಳು ಹಿತ್ತಲಲ್ಲಿ ಮುಖ ತೊಳೆಯುವ ನೆಪದಲ್ಲಿ ಅತ್ತಳು.

ಅದನ್ನು ನೋಡಿ ನನ್ನ ಹಟ ಇಳಿಯಿತು. ನನ್ನ ಕಣ್ಣಾರೆ ನೋಡಿಯೇ ತೀರುತ್ತೇನೆ ಅಂತ, ಮಾರಲು ಇಟ್ಟಿದ್ದ ಆರಡಿಯ ಕನ್ನಡಿಯನ್ನು ಇಬ್ಬರೂ ಹೊತ್ತು ತಂದು ಜೀಪಿನ ಹಿಂದಿನ ಗೋಡೆಗೆ ಒರಗಿಸಿದೆವು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ನನಗೆ ಬೇಕಾಯಿತು ನೋಡು, ಅದೂ ಆಳೆತ್ತರದ್ದು! ಚಾಲಕನ ಸೀಟಿನಲ್ಲಿ ಕೂತು ತಿರುಗಿದರೆ ನನ್ನ ಜೀಪಿನ ಬೆನ್ನು ನನಗೇ ಕಾಣುತ್ತಿತ್ತು. ಪೆಡಲ್ ತುಳಿದೆ. ಹತ್ತಿತು. ಇನ್ನೊಮ್ಮೆ ತುಳಿದೆ. ಹತ್ತಿತು. “ಈಗೇನಂತೀಯೆ?” ಅಂತ ಅವಳ ಮೇಲೆ ರೇಗಿದೆ.

ಅವಳು ಕನ್ನಡಿಯ ಪಕ್ಕ ನಿಂತು ಮೆಲ್ಲಗೆ ಕೇಳಿದಳು: “ಅತ್ತೆ, ಯಾವತ್ತಾದರೂ ಹೀಗೆ ತುಳಿದು ಜೀಪು ನಿಲ್ಲಿಸಿದ್ದೀಯಾ? ಜೀಪಿನ ಹಿಂದೆ ಗಾಜು ಹೇರಿದ್ದಾಗ ಒತ್ತೋ ಹಾಗೆ ಒತ್ತು.”

ಮುಗಿಲಪ್ಪ, ನಾನು ಪೆಡಲಿನಿಂದ ಕಾಲು ತೆಗೆದೆ. ಅಪ್ಪ ನಮಗೆ ಕಲಿಸಿದ ಗಾಜುಗಾಲು ನಿನಗೆ ಮರೆತಿಲ್ಲವಲ್ಲ? ‘ಬೆನ್ನಿಗೆ ಗಾಜಿದೆ, ಕಾಲಿಗೆ ಬುದ್ಧಿ ಇರಲಿ’ ಅನ್ನುತ್ತಿದ್ದ. ದೂರದಿಂದಲೇ ಕಾಲ್ಬೆರಳ ತುದಿಯಿಂದ ಒತ್ತುತ್ತಾ, ಒತ್ತುತ್ತಾ, ಜೀಪು ತನಗೇ ಸುಸ್ತಾಗಿ ನಿಂತ ಹಾಗೆ ನಿಲ್ಲಿಸಬೇಕು. ನಲವತ್ತು ವರ್ಷದಲ್ಲಿ ಬ್ರೇಕ್ ಹಾಕಿ ಒಂದು ಗಾಜನ್ನೂ ಬಿರುಕು ಬಿಡಿಸಿದವಳಲ್ಲ ನಾನು. ಊರಿಗೆಲ್ಲ ಹೇಳಿಕೊಂಡು ಮೆರೆದ ಕಾಲು ಅದು. ಹಾಗೇ ಒತ್ತಿದೆ. ಕನ್ನಡಿಯಲ್ಲಿ ಕತ್ತಲೆ. ಹತ್ತು ಸಲ ಒತ್ತಿದೆ, ಏಳು ಸಲ ಹತ್ತಲಿಲ್ಲ.

ಜೀಪು ನಿಲ್ಲಲು ನನ್ನ ಗಾಜುಗಾಲು ಸಾಕು, ಆ ಸ್ವಿಚ್ಚು ಎಚ್ಚರವಾಗಲು ಸಾಲದು. ಒಂದ್ನಿಮಿಷ ಒದ್ದು ಪರೀಕ್ಷೆ ಮಾಡಿದ, ನಾನು ಸಿಟ್ಟಿನಲ್ಲಿ ತುಳಿದು ಪರೀಕ್ಷೆ ಮಾಡಿದೆ. ಓಡಿಸುವ ಹಾಗೆ ಒತ್ತಿ ನೋಡಿದವರು ಯಾರೂ ಇರಲಿಲ್ಲ.

ರೋಗ ಗೊತ್ತಾದ ಮೇಲೆ ಮದ್ದು ದೊಡ್ಡದಲ್ಲ. ಎಣ್ಣೆಯ ಸ್ವಿಚ್ಚು ತೆಗೆಸಿ ಆ ತೂತಿಗೆ ಬಿರಡೆ ಹಾಕಿಸಿ, ಕೊಳವೆಯಲ್ಲಿ ಸೇರಿದ ಗಾಳಿ ತೆಗೆಸಿದೆ. ಪೆಡಲಿನ ತೋಳಿಗೇ ತಾಗುವ ಹಾಗೆ ಒಂದು ಸ್ಪ್ರಿಂಗ್ ಸ್ವಿಚ್ಚು ಇಡಬೇಕು, ಪೆಡಲ್ ಕದಲಿದರೆ ಸಾಕು, ದೀಪ ಹತ್ತಬೇಕು. ಅದನ್ನು ಹಿಡಿದುಕೊಳ್ಳುವ ಪಟ್ಟಿ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ನಿನ್ನ ಮಗಳು ನಮ್ಮ ಕಿಟಕಿ ಚೌಕಟ್ಟಿನ ಅಲ್ಯುಮಿನಿಯಂ ತುಂಡೊಂದನ್ನು ಅಳೆದು ಕೊಯ್ದು ಎರಡು ತೂತು ಹೊಡೆದಳು. ಅವಳ ಅಳತೆ ನೋಡಬೇಕಿತ್ತು ನೀನು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅಷ್ಟಾಗಿಯೂ ಮೊದಲ ದಿನ ಪಟ್ಟಿ ಬಾಗಿತು, ದೀಪ ಆರಲೇ ಇಲ್ಲ, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ. “ಮೊದಲು ಹತ್ತುತ್ತಿರಲಿಲ್ಲ, ಈಗ ಆರುತ್ತಿಲ್ಲ, ನಿಮ್ಮ ಮನೆಯವರ ಸ್ವಭಾವಾನೇ ಇದಕ್ಕೂ” ಅಂದ ಒಂದ್ನಿಮಿಷ. ಗಾಜಿನ ಅಂಚಿಗೆ ಹಾಕುವ ರಬ್ಬರನ್ನು ಪಟ್ಟಿಯ ಕೆಳಗೆ ತುರುಕಿದೆವು. ಬಿಗಿಯಾಗಿ ಕೂತಿತು.

ನಿನ್ನೆ ಅದೇ ತಪಾಸಣೆಯಮ್ಮ ಹಿಂದೆ ನಿಂತು “ಒತ್ತಿ” ಅಂದಳು. ಬೇಕೆಂದೇ ಗಾಜುಗಾಲಿನಲ್ಲಿ ಒತ್ತಿದೆ, ಮಲಗಿದ ಕೂಸಿನ ಬೆನ್ನು ತಟ್ಟುವಷ್ಟು ಮೆತ್ತಗೆ. “ಹತ್ತಿತು. ಇನ್ನೊಮ್ಮೆ.” ಹತ್ತಿತು. ಆಕೆ ಸಾಕೆಂದರೂ ನಾನು ಬಿಡಲಿಲ್ಲ, ಇಪ್ಪತ್ತು ಸಲ ಒತ್ತಿದೆ. “ಬಿಡಿ ಅಮ್ಮ, ನನ್ನ ಕಣ್ಣೇ ಕೆಂಪಾಯ್ತು” ಅಂತ ನಕ್ಕು ಮುದ್ರೆ ಒತ್ತಿದಳು. ನಿನ್ನ ಮಗಳು ಕಚೇರಿಯ ಅಂಗಳದಲ್ಲೇ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ನನ್ನ ಮಂಡಿಯೂ ಆ ಹೊತ್ತಿಗೆ ನೋವು ಮರೆತಿತ್ತು. ಒಂದನೇ ತಾರೀಖಿಗೆ ಅವಳು ಜೀಪು ಹತ್ತುತ್ತಾಳೆ.

ನೀನು ನೂರು ಕಾಲ ಬಾಳು. ನಿನ್ನ ಕಾಲಿನ ನೋವು ಚಳಿಯಲ್ಲಿ ಹೆಚ್ಚದಿರಲಿ. ನೀನು ಹೊಲಿದು ರಟ್ಟು ಕಟ್ಟುವ ಪುಸ್ತಕಗಳ ಹಾಗೆ ನಿನ್ನ ಮನೆಯೂ ಗಟ್ಟಿಯಾಗಿ ನಿಲ್ಲಲಿ.

ಇಂತು ನಿನ್ನ
ಜಂಬದ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಆವತ್ತು ನೀನು ರಸ್ತೆಯಲ್ಲಿ ಬಿದ್ದಿದ್ದಾಗ ನಾನು ಮೊದಲು ನೋಡಿದ್ದು ಜೀಪಿನ ಹಿಂದೆ ಹೇರಿದ್ದ, ಒಡೆದ ಗಾಜನ್ನು. ಆಮೇಲೆ ನಿನ್ನ ಕಾಲನ್ನು. ಮಾರನೆಯ ದಿನ ಎಲ್ಲರ ಮುಂದೆ ಸಿಟ್ಟಿನಿಂದ ಪೆಡಲ್ ತುಳಿದು, ನೋಡಿ ಹತ್ತುತ್ತದೆ ಅಂತ ತೋರಿಸಿದೆ. ಆಸ್ಪತ್ರೆಯಲ್ಲಿ ನೀನು ಎರಡು ದಿನ “ದೀಪ ಹತ್ತಲಿಲ್ಲ ಅಕ್ಕ” ಅಂದೆ. ಮೂರನೇ ದಿನ, “ನಾನೇ ಮುಗಿಲು ನೋಡ್ತಿದ್ದೆನೋ ಏನೋ, ಕ್ಷಮಿಸಿಬಿಡು” ಅಂದೆ. ನಾನು ಕ್ಷಮಿಸಿದೆ. ದೊಡ್ಡ ಮನಸ್ಸು ಅಂತ ನೆಂಟರೆಲ್ಲ ನನ್ನನ್ನು ಹೊಗಳಿದರು. ಆ ಮಾತು ಹಿಡಿದು ನಿನಗೆ ಮುಗಿಲಪ್ಪ ಅನ್ನುವ ಹೆಸರು ಇಟ್ಟವಳೂ ನಾನೇ. ಆಮೇಲೆ ನೀನು ಯಾವ ಗಾಡಿಯನ್ನೂ ಮುಟ್ಟಲಿಲ್ಲ.

ಆ ಕ್ಷಮೆಯನ್ನು ನನಗೆ ವಾಪಸು ಕೊಡು ತಮ್ಮ. ಅದು ಬೇಕಾಗಿರುವುದು ನನಗೆ. ನಾಳೆಯಲ್ಲ, ಅದರಾಚೆಯ ಭಾನುವಾರ ನಾವಿಬ್ಬರೂ ಜೀಪು ತಗೊಂಡು ನಿನ್ನ ಬಾಗಿಲಿಗೆ ಬರುತ್ತೇವೆ. ನಾನು ಗಾಜುಗಾಲಿನಲ್ಲಿ ಒತ್ತುತ್ತೇನೆ, ನೀನು ಹಿಂದೆ ನಿಂತು ನೋಡಿ ಹೇಳು. ಹತ್ತಿತು ಅಂದರೆ ಹತ್ತಿತು, ಇಲ್ಲ ಅಂದರೆ ಇಲ್ಲ. ಈ ಸಲ ನೀನು ಹೇಳಿದ್ದನ್ನೇ ನಂಬುತ್ತೇನೆ.