ಚಂಪಾಬಾಯಿ ಬರೆದಿಟ್ಟ ಒಂಬತ್ತು ಸಾವಿರ ಚೀಟಿ

ಮಲಪ್ರಭೆಯ ದಂಡೆ, ೧೪ ಆಗಸ್ಟ್ ೨೨೩೧

ಇಪ್ಪತ್ತೊಂದನೆಯ ಶತಮಾನದ ಹಿರಿಯರಿಗೆ ನಮಸ್ಕಾರ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಓದಿಯೇ ಕಲಿತವಳು ನಾನು. ಸಿಟ್ಟು ಮಾತ್ರ ನನ್ನ ಸ್ವಂತದ್ದು.

ನಾನು ಇಲ್ಲಿನ ವಸ್ತುಸಂಗ್ರಹಾಲಯದ ‘ಒಕ್ಕಣೆಗಾರ್ತಿ’; ಅಂದರೆ ಹಳೆಯ ವಸ್ತುಗಳ ಕಥೆ ಹೇಳುವವಳು. ನಮ್ಮಲ್ಲಿ ಗಾಜಿನ ಕಪಾಟುಗಳಿಲ್ಲ. ‘ತೆಳುಗವಸು’ ಎಂಬ, ಕೈಗೆ ಚರ್ಮದಂತೆ ಅಂಟುವ ಪೊರೆ ತೊಟ್ಟು, ಜನ ಮುನ್ನೂರು ವರ್ಷದ ಸೀರೆಯನ್ನೂ ತೊಡೆಯ ಮೇಲೆ ಹರವಿಕೊಳ್ಳುತ್ತಾರೆ. ಆಮೇಲೆ ಎಲ್ಲರೂ ಕೇಳುವುದು ಒಂದೇ: “ಇದನ್ನ ಮಾಡಿದವ್ರು ಯಾರ್ರೀ?” ದಿನವಿಡೀ “ಗೊತ್ತಿಲ್ಲ” ಎನ್ನುವುದೇ ನನ್ನ ಉದ್ಯೋಗವಾಗಿದೆ.

ಒಂದು ಕಾಲಕ್ಕೆ ಗೊತ್ತಿತ್ತು. ಆಡಳಿತ ಮಂಡಳಿಯ ಕೈಕೆಳಗೆ ದುಡಿದು ಈ ಸಂಗ್ರಹಾಲಯವನ್ನು ಕಟ್ಟಿದ ಚಂಪಾಬಾಯಿ ಹೆಬಸೂರ ಅವರು ಶಾಸನ ಓದಬಲ್ಲ ವಿದ್ವಾಂಸೆ. ಆದರೂ ಅರಮನೆಗಳಿಗಿಂತ ಹೆಚ್ಚಾಗಿ ನೇಕಾರರ, ಕುಂಬಾರರ, ಕಂಚುಗಾರರ ಮನೆಗಳಿಗೆ ಹೋದರು. ೧೯೫೮ರಲ್ಲಿ ನೀಲವ್ವ ಎಂಬ ಮುದುಕಿ ತಾನೇ ನೇಯ್ದ ಮದುವೆ ಸೀರೆಯನ್ನು ಕೊಡುವಾಗ ನಡೆದದ್ದು, ಇಂದಿಗೂ ಉಳಿದಿರುವ ಚಂಪಾಬಾಯಿಯವರ ದಿನಚರಿಯಲ್ಲಿದೆ.

“ರಾಜಾನ ಹೆಸರು ಬರೀತೀರಿ. ನನ್ನ ಹೆಸರೂ ಬರಕೋರಿ, ಬಾಯಾರ.”

“ಬರೀತೀನವ್ವಾ. ನೇಯೋಮುಂದ ಏನು ಹಾಡತಿದ್ರಿ, ಅದನ್ನೂ ಹೇಳ್ರಿ.”

ಆಡಳಿತ ಮಂಡಳಿಯ ಅಧ್ಯಕ್ಷರು ಸೀರೆಗೆ ಬರೆದ ಆ ಚೀಟಿ ನೋಡಿ ನಕ್ಕರಂತೆ. “ಶತಮಾನ ಬರದ್ರ ಸಾಕು. ನೇಯ್ದಾಕಿ ಹೆಸರು ಯಾರಿಗೆ ಬೇಕ್ರಿ?”

“ಕೇಳಾವ್ರು ಬರ್ತಾರ್ರಿ,” ಎಂದರು ಚಂಪಾಬಾಯಿ.

ಈ ಹಟಕ್ಕಾಗಿ ಅವರಿಗೆ ಮೂರು ಸಲ ಬಡ್ತಿ ತಪ್ಪಿತು. ಅವರು ಬರೆಯುವುದನ್ನು ಬಿಡಲಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂಬತ್ತು ಸಾವಿರ ಚೀಟಿಗಳಾದವು: ಮಾಡಿದವರ ಹೆಸರು, ಊರು, ಹಾಡು, ಬೈಗುಳ ಸಹ. ಕಣ್ಣು ಮಂಜಾದ ಮೇಲೂ ಬೇರೆಯವರಿಂದ ಓದಿಸಿಕೊಂಡು ತಪ್ಪು ತಿದ್ದಿದರು.

ಮುಂದೆ ನಿಮ್ಮ ಕಾಲ ಬಂತು. ನೀವು ಪ್ರತಿ ವಸ್ತುವನ್ನೂ ಆರು ಮಗ್ಗುಲಿಂದ ಚಿತ್ರ ತೆಗೆದು ಕಂಪ್ಯೂಟರಿಗೆ ತುಂಬಿದಿರಿ. ಉದ್ದ, ಅಗಲ, ತೂಕ ಎಲ್ಲ ದಾಖಲಾಯಿತು. ಜಾಗ ಸಾಲದೆಂದು ಚೀಟಿಗಳನ್ನು ರದ್ದಿಯ ಲಾರಿಗೆ ಏರಿಸಿದಿರಿ. ಒಬ್ಬರಾದರೂ ಒಂದನ್ನಾದರೂ ಓದಿ ನೋಡಬಾರದಿತ್ತೇ?

ಮೊನ್ನೆ ಒಬ್ಬ ಮುದುಕ ತಾಮ್ರದ ಕೊಡವೊಂದನ್ನು ತಬ್ಬಿ ಕೂತಿದ್ದ. “ನಮ್ಮ ಮನಿತನದವ್ರು ಕೊಡ ಬಡೀತಿದ್ರಂತ. ಇದು ನಮ್ಮವರ್ದ ಏನ್ರಿ?” ಎಂದ. ನನ್ನ ಬಳಿ ಕೊಡದ ತೂಕ ಮಾತ್ರ ಇತ್ತು. ಹೇಳಲು ನಾಚಿಕೆಯಾಯಿತು.

ಕಾಲದಲ್ಲಿ ಹಿಂದಕ್ಕೆ ಕಳಿಸುತ್ತಿರುವ ಈ ಪತ್ರ ಯಾವ ವರ್ಷ ನಿಮ್ಮ ಕೈ ಸೇರುತ್ತದೋ ತಿಳಿಯದು. ಲಾರಿ ಇನ್ನೂ ಬಂದಿಲ್ಲವಾದರೆ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಆ ಚೀಟಿಗಳು ತುಂಬಿದ ಹನ್ನೆರಡು ತಗಡಿನ ಪೆಟ್ಟಿಗೆಗಳಿವೆ. ಮೇಲಧಿಕಾರಿಯ ಅಪ್ಪಣೆಗೆ ಕಾಯಬೇಡಿ. ಇವತ್ತೇ ಹೋಗಿ, ಬಾಗಿಲಿಗೆ ಅಡ್ಡ ನಿಲ್ಲಿ.

ಇಂಚರಾ ಬಾದಿಮನಿ